ವಿಷಯ: ‘ಸಬಾರ್ ಉಪರೇ’ ಚಿತ್ರದ ದೋಷಪೂರಿತ ಪ್ರತಿ ಬದಲಿಸುವ ಕುರಿತು

ಗೆ,
ಕುಂದುಕೊರತೆ ಅಧಿಕಾರಿಗಳು

ಮಾನ್ಯರೇ,

1955ರ ಬಂಗಾಳಿ ಚಿತ್ರ ‘ಸಬಾರ್ ಉಪರೇ’ಯನ್ನು ನೀವು ‘ಪುನರುಜ್ಜೀವಿತ ಎಚ್‌ಡಿ ಪ್ರತಿ’ ಎಂದು ನಿಮ್ಮ ಸ್ಟ್ರೀಮಿಂಗ್ ತಾಣದ ಕ್ಲಾಸಿಕ್ಸ್ ಪ್ಯಾಕ್‌ನಲ್ಲಿ ಇಟ್ಟಿದ್ದೀರಿ. ಪ್ಯಾಕ್‌ಗೆ ಪ್ರತ್ಯೇಕ ಶುಲ್ಕ ಕಟ್ಟಿರುವ ನಮ್ಮ ಚಿತ್ರಸಮಾಜದ ಸದಸ್ಯರ ಪರವಾಗಿ ಈ ದೂರು. ನಿಮ್ಮ ಗ್ರಾಹಕ ಸೇವೆಯವರು ‘ಲಾಗೌಟ್ ಮಾಡಿ, ಕ್ಯಾಶೆ (ಸಾಧನದಲ್ಲಿ ಉಳಿದ ತಾತ್ಕಾಲಿಕ ಫೈಲುಗಳು) ಅಳಿಸಿ’ ಎಂದರು. ಕ್ಯಾಶೆ ಅಳಿಸಿದರೆ ಕತ್ತರಿಸಿದ ಚಿತ್ರ ಬೆಳೆಯುವುದಿಲ್ಲ. ತೊಂದರೆ ಇರುವುದು ನೀವು ಏರಿಸಿರುವ ಫೈಲಿನಲ್ಲೇ.

ಮೊದಲನೆಯದು ಸಬ್‌ಟೈಟಲ್. ಬಂಗಾಳಿ ಬಾರದ ನಮಗೆ ಅದೇ ಆಸರೆ. ಶುರುವಿನಲ್ಲಿ ಸರಿಯಾಗಿಯೇ ಇದ್ದು, ಬರಬರುತ್ತಾ ಹಿಂದೆ ಬೀಳುತ್ತದೆ. ಚಿತ್ರ ತೆಗೆದದ್ದು ಸೆಕೆಂಡಿಗೆ 24 ಫ್ರೇಮಿನಲ್ಲಿ, ಅಂದರೆ 24 ಬಿಡಿಚಿತ್ರಗಳಲ್ಲಿ. ನಿಮ್ಮ ಫೈಲ್ ಓಡುವುದು 25ರಲ್ಲಿ. 25 ಫ್ರೇಮಿನ ಟಿ.ವಿ. ಪದ್ಧತಿಯಾದ ‘ಪಾಲ್’ನ ಹಳೆಯ ಡಿವಿಡಿಯಿಂದಲೋ ಟಿ.ವಿ. ಟೇಪಿನಿಂದಲೋ ಎತ್ತಿಕೊಂಡ ಗುರುತು ಇದು. ಸಬ್‌ಟೈಟಲ್ ಮಾತ್ರ 24ರ ಲೆಕ್ಕಕ್ಕೆ ಬರೆದದ್ದು. ಹಾಗಾಗಿ ಹತ್ತು ನಿಮಿಷಕ್ಕೆ 24 ಸೆಕೆಂಡು, ಒಂದು ಗಂಟೆಗೆ 2 ನಿಮಿಷ 24 ಸೆಕೆಂಡು ತಡ. ಪಾಟೀಸವಾಲೇ ಜೀವಾಳವಾದ ಚಿತ್ರದಲ್ಲಿ ವಕೀಲರ ಪ್ರಶ್ನೆ ತೆರೆಯ ಮೇಲೆ ಬರುವ ಹೊತ್ತಿಗೆ ಸಾಕ್ಷಿ ಕಟಕಟೆ ಇಳಿದು ಹೋಗಿರುತ್ತಾನೆ. ಮಾಡದ ಕೊಲೆಗೆ ಜೈಲು ಸೇರಿದ ತಂದೆಯಾಗಿ ಛಬಿ ಬಿಸ್ವಾಸ್ ತನ್ನ ಹನ್ನೆರಡು ವರ್ಷ ವಾಪಸು ಕೊಡಿ ಎಂದು ಕೂಗುವ ಘಟ್ಟದಲ್ಲಂತೂ ಅದಕ್ಕೆ ಸಂಬಂಧವೇ ಇಲ್ಲದ ಹಿಂದಿನ ಮಾತುಗಳು ಕೆಳಗೆ ಹರಿಯುತ್ತಿರುತ್ತವೆ. ನಿಮ್ಮ ತಾಂತ್ರಿಕ ವಿಭಾಗ ಸಬ್‌ಟೈಟಲನ್ನು ಕೆಲವು ಸೆಕೆಂಡು ಮೊದಲೇ ಬರುವಂತೆ ಸರಿಸಿ ಕೈತೊಳೆದುಕೊಳ್ಳಬಾರದು. ಹಾಗೆ ಮಾಡಿದರೆ ಶುರುವಿನ ಭಾಗವೂ ಕೆಡುತ್ತದೆ. ಪ್ರತಿ ಸಾಲಿನ ಸಮಯವನ್ನೂ 0.96ರಿಂದ (24 ಭಾಗಿಸು 25) ಗುಣಿಸಬೇಕು. ಇಲ್ಲವೇ ಚಿತ್ರವನ್ನೇ 24ಕ್ಕೆ ಇಳಿಸಬೇಕು.

ಎರಡನೆಯ ದಾರಿಯೇ ಮೇಲು, ಏಕೆಂದರೆ ವೇಗ ಏರಿದ್ದರಿಂದ ಧ್ವನಿಯೂ ಕೆಟ್ಟಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಶ್ರುತಿ ಸುಮಾರು ಮುಕ್ಕಾಲು ಮನೆ ಮೇಲಕ್ಕೆ ಹೋಗಿದೆ. ಸಂಧ್ಯಾ ಮುಖರ್ಜಿಯವರ ಹಾಡಿಗೆ, ನಾಯಕ ಉತ್ತಮ್ ಕುಮಾರ್ ಅವರ ದನಿಗೆ ಇದು ಅನ್ಯಾಯ.

ಇನ್ನು ಚೌಕಟ್ಟು. ಆ ಕಾಲದ ಚಿತ್ರಗಳ ಅಗಲ-ಎತ್ತರದ ಅನುಪಾತ 1.37:1. ಅಗಲದ ಟಿ.ವಿ. ತುಂಬಲೆಂದು ನೀವು ಅದನ್ನು 16:9ಕ್ಕೆ ಕತ್ತರಿಸಿದ್ದೀರಿ. ಎತ್ತರದಲ್ಲಿ ಶೇ 23ರಷ್ಟು ಮಾಯ. ಶೀರ್ಷಿಕೆ ಪಟ್ಟಿಯಲ್ಲಿ ಮೇಲಿನ ಸಾಲಿನ ಹೆಸರುಗಳು ಅರ್ಧಕ್ಕೆ ತುಂಡಾಗಿವೆ. ಸಮೀಪ ಚಿತ್ರಿಕೆಗಳಲ್ಲಿ ನಾಯಕಿ ಸುಚಿತ್ರಾ ಸೇನ್ ಅವರ ಹಣೆಯೇ ಇಲ್ಲ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ನೋಡುಗರು ಬೇಸರಪಡುತ್ತಾರೆಂಬ ಭಯ ನಿಮಗಿದ್ದರೆ ಅದನ್ನು ಬಿಡಿ. ಕಪ್ಪುಬಿಳುಪು ಚಿತ್ರ ಹುಡುಕಿ ಬರುವವರು ಕಪ್ಪು ಪಟ್ಟಿಗೆ ಹೆದರುವುದಿಲ್ಲ. ಪಾತ್ರಗಳು ಬೇಗ ಚಲಿಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುವುದು ಇಂಟರ್‌ಲೇಸ್ (ಹಳೆಯ ಟಿ.ವಿ.ಗಾಗಿ ಪ್ರತಿ ಫ್ರೇಮನ್ನು ಬೆಸ-ಸಮ ಗೆರೆಗಳಾಗಿ ಒಡೆಯುವ ಕ್ರಮ) ತೆಗೆಯದೆ ಹಿಗ್ಗಿಸಿದ್ದಕ್ಕೆ. ಇದಕ್ಕೆ ಪುನರುಜ್ಜೀವನ ಎಂಬ ಹೆಸರೇ?

ನಮ್ಮ ಯೋಜನೆಯಲ್ಲಿ ಜಾಹೀರಾತು ಇರುವುದು ಗೊತ್ತು, ಅದಕ್ಕೆ ತಕರಾರಿಲ್ಲ. ಆದರೆ ಗಡಿಯಾರ ನೋಡಿ ವಾದದ ನಡುವೆ ಸಾಬೂನು ತೂರಿಸುವ ಬದಲು ದೃಶ್ಯ ಮುಗಿಯುವಲ್ಲಿ ಗುರುತು ಹಾಕಿಸಿ.

ಚಿತ್ರದ ಜೊತೆ ನೀವು ಹಾಕಿರುವ ಪರಿಚಯದ ಬರಹ ನಾಯಕನನ್ನು ಹೈದರಾಬಾದಿಗೆ ಕಳಿಸುತ್ತದೆ. ಅದು 1958ರ ಹಿಂದಿ ಮರುನಿರ್ಮಾಣ ‘ಕಾಲಾಪಾನಿ’ಯ ಕಥೆ, ಈ ಚಿತ್ರದಲ್ಲಿ ಘಟನೆ ನಡೆಯುವುದು ಬಂಗಾಳದ ಕೃಷ್ಣನಗರದಲ್ಲಿ. ಅದಕ್ಕಿಂತ ಅನ್ಯಾಯವೆಂದರೆ, ಕೊಲೆಗಾರ ಯಾರೆಂದು ಮೂರನೇ ಸಾಲಿನಲ್ಲೇ ಹೇಳಿಬಿಟ್ಟಿದ್ದೀರಿ. ನಿರ್ದೇಶಕರ ಜಾಗದಲ್ಲಿ ‘ಶ್ರೀ ಅಗ್ರದೂತ್’ ಎಂದಿದೆ. ಅಗ್ರದೂತ್ ಒಬ್ಬ ವ್ಯಕ್ತಿಯಲ್ಲ, ಛಾಯಾಗ್ರಾಹಕ ಬಿಭೂತಿ ಲಾಹಾ ಮುಂತಾದ ತಂತ್ರಜ್ಞರ ತಂಡ.

ನಮ್ಮ ಬೇಡಿಕೆ ಇಷ್ಟು: 24 ಫ್ರೇಮಿನ, ಕತ್ತರಿಸದ ಪ್ರತಿ ಹಾಕಿ, ಅದಕ್ಕೆ ಹೊಂದುವ ಸಬ್‌ಟೈಟಲ್ ಕೊಡಿ. ಪರಿಚಯವನ್ನು ಇಂದೇ ತಿದ್ದಬಹುದು. ಒಳ್ಳೆಯ ಪ್ರತಿ ಸಿಗದಿದ್ದರೆ ‘ಪುನರುಜ್ಜೀವಿತ’ ಎಂಬ ಪಟ್ಟಿ ತೆಗೆದು ಪ್ಯಾಕ್ ಶುಲ್ಕ ಹಿಂದಿರುಗಿಸಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಂತೆ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ದೂರವಾಣಿ ಸಂಖ್ಯೆ 1915) ದಾಖಲಿಸುತ್ತೇವೆ. ಮೇಲಿನ ಪ್ರತಿ ದೋಷಕ್ಕೂ ಸಮಯ ನಮೂದಿಸಿದ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದೆ.

ಇಂತಿ,
ಚಿತ್ರಸಮಾಜದ ಸದಸ್ಯರು