ಬೇಲಿ ಇಲ್ಲದ್ದರಿಂದ ಉಳಿದ ಜೀವಗಳು

ಮಾನ್ಯರೇ,

ಇಂಗ್ಲೆಂಡಿನ ಲಿವರ್‌ಪೂಲ್‌ನ ಫುಟ್‌ಬಾಲ್ ಮೈದಾನ ಗುಡಿಸನ್ ಪಾರ್ಕ್ ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. 1892ರಿಂದ ಆಡಿದ ಅಂಗಳಕ್ಕೆ ಎವರ್ಟನ್ ಪುರುಷರ ತಂಡ 2025ರ ಮೇ ತಿಂಗಳಲ್ಲಿ ವಿದಾಯ ಹೇಳಿದ್ದನ್ನೂ ವಾಸ್ತುಶಿಲ್ಪಿ ಆರ್ಚಿಬಾಲ್ಡ್ ಲೀಚ್ ವಿನ್ಯಾಸಗೊಳಿಸಿದ ಗ್ಯಾಲರಿಯ ಉಕ್ಕಿನ ಕಟಾಂಜನವನ್ನೂ ಲೇಖಕರು ಸೊಗಸಾಗಿ ವರ್ಣಿಸಿದ್ದಾರೆ. ಕಟ್ಟಡಗಳ ಸುರಕ್ಷತಾ ತಪಾಸಣೆಯಲ್ಲೇ ನೌಕರಿ ಕಳೆದ ನನಗೆ ಅದರಲ್ಲಿ ದೊಡ್ಡದೊಂದು ಸಂಗತಿ ಬಿಟ್ಟುಹೋಗಿದೆ ಅನ್ನಿಸಿತು. ಅಲ್ಲಿನ ಕ್ರೀಡಾಂಗಣಗಳನ್ನು ಇಂದಿನ ರೂಪಕ್ಕೆ ತಂದದ್ದು ಪ್ರೇಕ್ಷಕರ ಸಾವುಗಳು.

ಇದೇ ಲೀಚ್ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಕಟ್ಟಿಸಿದ್ದ ಮರದ ಅಟ್ಟಣೆ 1902ರಲ್ಲಿ, ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯ ನಡೆಯುತ್ತಿದ್ದಾಗಲೇ ಮುರಿದು 25 ಮಂದಿ ಸತ್ತರು. 1946ರಲ್ಲಿ ಇಂಗ್ಲೆಂಡಿನ ಬೋಲ್ಟನ್‌ನ ಮೈದಾನದಲ್ಲಿ ನೂಕುನುಗ್ಗಲಿಗೆ 33 ಮಂದಿ ಬಲಿಯಾದರು. ಹೆಣಗಳನ್ನು ಗೆರೆಯ ಪಕ್ಕ ಮಲಗಿಸಿ ಆಟ ಮುಂದುವರಿಸಿದರು! ಮೈದಾನಗಳ ತಪಾಸಣೆಯಾಗಬೇಕು, ಇಷ್ಟೇ ಜನ ಎಂಬ ಮಿತಿ ಬೇಕು ಎಂದು ಅಂದಿನ ತನಿಖಾ ವರದಿ ಹೇಳಿತು. ಕಾನೂನು ಬಂದದ್ದು 1975ರಲ್ಲಿ, ಅದೂ 1971ರಲ್ಲಿ ಐಬ್ರಾಕ್ಸ್‌ನಲ್ಲೇ ಮತ್ತೆ 66 ಮಂದಿ ಸತ್ತ ಮೇಲೆ.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ತಂಡ ಆಗ ಲೀಗ್‌ನ ಕೆಳಗಿನ ವಿಭಾಗದಲ್ಲಿತ್ತು. ಹಾಗಾಗಿ ಅದರ ಮೈದಾನಕ್ಕೆ ಆ ಕಾನೂನು ಅನ್ವಯಿಸಲಿಲ್ಲ. ಮರದ ಗ್ಯಾಲರಿಯ ಹಲಗೆಗಳ ಸಂದಿಯಿಂದ ಬಿದ್ದ ಕಸ ವರ್ಷಗಟ್ಟಲೆ ಕೆಳಗೆ ಗುಡ್ಡೆಯಾಗಿತ್ತು. 1985ರ ಮೇ 11ರಂದು ಅದಕ್ಕೆ ಬೆಂಕಿ ತಗಲಿ, ಕೆಲವೇ ನಿಮಿಷಗಳಲ್ಲಿ ಇಡೀ ಗ್ಯಾಲರಿ ಹೊತ್ತಿ ಉರಿಯಿತು. 56 ಮಂದಿ ತೀರಿಕೊಂಡರು. ಅನೇಕರು ಸಿಕ್ಕಿಬಿದ್ದದ್ದು ಹಿಂಬದಿಯ ಬೀಗ ಹಾಕಿದ ಬಾಗಿಲುಗಳ ಬಳಿ. ಹೊಸ ಚಾವಣಿಗೆ ತಂದ ಉಕ್ಕು ಅಲ್ಲೇ ಬಿದ್ದಿತ್ತು, ಋತು ಮುಗಿದೊಡನೆ ಕೆಲಸ ಶುರುವಾಗಬೇಕಿತ್ತು ಎಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಕಿವುಚುತ್ತದೆ.

ಆ ಗ್ಯಾಲರಿಯ ಮುಂದೆ ಬೇಲಿ ಇರಲಿಲ್ಲ. ಸಾವಿರಾರು ಜನ ಅಂಗಳಕ್ಕೆ ಧುಮುಕಿ ಬದುಕಿದರು. ನಾಲ್ಕೇ ವರ್ಷಗಳ ನಂತರ, 1989ರ ಏಪ್ರಿಲ್ 15ರಂದು, ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಾದಾಗ ನಿಂತಿದ್ದವರ ಮುಂದೆ ಉಕ್ಕಿನ ಬೇಲಿ ಇತ್ತು. ಪುಂಡರನ್ನು ತಡೆಯಲೆಂದು ಹಾಕಿದ ಅದೇ ಬೇಲಿಗೆ ಒತ್ತಿಹೋದವರೂ ಸೇರಿ 97 ಮಂದಿ ಪ್ರಾಣ ಬಿಟ್ಟರು. ಆ ಮೈದಾನದ ಸುರಕ್ಷತಾ ಪ್ರಮಾಣಪತ್ರವನ್ನು 1979ರಿಂದ ಯಾರೂ ಪರಿಷ್ಕರಿಸಿರಲಿಲ್ಲ. ನನ್ನ ವೃತ್ತಿಯವರೆಲ್ಲ ಓದಲೇಬೇಕಾದ ಪ್ರಕರಣವಿದು. ಈ ದುರಂತದ ತನಿಖೆ ನಡೆಸಿದ ನ್ಯಾಯಾಧೀಶ ಟೇಲರ್ ಅವರ 1990ರ ವರದಿಯ ನಂತರ ದೊಡ್ಡ ಕ್ಲಬ್‌ಗಳ ಅಂಗಳದ ಬೇಲಿಗಳು ಹೋದವು, ನಿಲ್ಲುವ ಜಾಗಗಳಲ್ಲಿ ಕುರ್ಚಿಗಳು ಬಂದವು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಮಂದಿ ಸತ್ತಾಗ ನನಗೆ ಬೋಲ್ಟನ್ ನೆನಪಾಯಿತು. ರಾಜ್ಯದ ಪ್ರತಿಯೊಂದು ಕ್ರೀಡಾಂಗಣದಲ್ಲಿ ಎಷ್ಟು ಜನರಿಗೆ ಅವಕಾಶವಿದೆ, ಯಾವ ಗೇಟು ಎಷ್ಟು ಅಗಲವಿದೆ, ಕೊನೆಯ ತಪಾಸಣೆ ಯಾವಾಗ ನಡೆಯಿತು ಎಂಬ ವಿವರವನ್ನು ಹೊರಗೋಡೆಯ ಮೇಲೆಯೇ ಬರೆಸಬೇಕು. ಇದಕ್ಕಾಗಿ ತಮ್ಮ ಪತ್ರಿಕೆ ಸರ್ಕಾರವನ್ನು ಒತ್ತಾಯಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಎಂಜಿನಿಯರ್, ದಾವಣಗೆರೆ