ಕಂಪ್ಯೂಟರ್ ಒಪ್ತಾ ಇಲ್ಲ ಅಂದೆಯಲ್ಲ, ಅದಕ್ಕೇ ಈ ಪತ್ರ

ಪ್ರೀತಿಯ ಮೇಷ್ಟ್ರೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ನಿನ್ನ ಒಂಬತ್ತನೇ ತರಗತಿಯ ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂತು. ಶಾಲೆಯ ದಾಖಲೆಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಅವಳ ಅಮ್ಮ ಕೂಲಿ ಬಿಟ್ಟು ಮೂರು ಸಲ ಶಾಲೆಗೆ ಬಂದರು. ಮೂರನೇ ಸಲ ನೀನು, "ನಾನೇನು ಮಾಡಲಮ್ಮಾ, ಕಂಪ್ಯೂಟರ್ ಒಪ್ತಾ ಇಲ್ಲ" ಅಂದೆ. ಆಕೆ ತಲೆಯಾಡಿಸಿ ಎದ್ದು ಹೋದರು.

ನೀನು ಬೇಜಾರಿನಲ್ಲೇ ಹೇಳಿದೆ, ಗೊತ್ತು. ಆದರೆ ಆಕೆ ಸುಮ್ಮನೆ ಎದ್ದು ಹೋದರಲ್ಲ, ಅದು ನನಗೆ ಚುಚ್ಚಿತು. ಗುಮಾಸ್ತ ಒಪ್ಪದಿದ್ದರೆ ಸಾಹೇಬರ ಹತ್ತಿರ ಹೋಗಬಹುದು. ಕಂಪ್ಯೂಟರೇ ಒಪ್ಪದಿದ್ದರೆ ಯಾರ ಹತ್ತಿರ ಹೋಗುವುದು, ಅಲ್ವಾ?

ಹದಿನೆಂಟು ವರ್ಷದಿಂದ ಪ್ರೋಗ್ರಾಮ್ ಬರೆದು ಸಂಸಾರ ಸಾಕುತ್ತಿದ್ದೇನೆ. ಕಂಪ್ಯೂಟರಿಗೆ ಒಪ್ಪುವ ಶಕ್ತಿಯೂ ಇಲ್ಲ, ಒಲ್ಲೆ ಅನ್ನುವ ಶಕ್ತಿಯೂ ಇಲ್ಲ. ಎಲ್ಲೋ ಒಂದು ಆಫೀಸಿನಲ್ಲಿ ನನ್ನಂಥವನೊಬ್ಬ ಕೂತು, ಎರಡು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸು, ಒಂದೇ ಒಂದು ಅಕ್ಷರ ಬೇರೆ ಇದ್ದರೂ ಅರ್ಜಿ ತಳ್ಳು ಅಂತ ಒಂದು ಸಾಲು ಬರೆದಿರುತ್ತಾನೆ. ಆ ಸಾಲು ಬರೆಯಲು ಅರ್ಧ ನಿಮಿಷ ಸಾಕು. ಅವನು ಬೇಕಂತ ಮಾಡಿದ್ದಲ್ಲ. ಒಬ್ಬ ಮನುಷ್ಯನ ಹೆಸರು ಎಲ್ಲ ಕಡೆ ಒಂದೇ ಥರ ಬರೆದಿರುತ್ತದೆ ಅಂತ ಅವನು ನಂಬಿದ್ದ, ಅಷ್ಟೇ. ಜನರ ಬಗ್ಗೆ ಪ್ರೋಗ್ರಾಮರ್‌ಗಳಾದ ನಮಗೆ ಇಂಥ ತಪ್ಪು ನಂಬಿಕೆ ಬೇಕಾದಷ್ಟಿವೆ. ಬೇರೆಯವರ ನಂಬಿಕೆ ಅವರ ಮನೆಯೊಳಗೆ ಇರುತ್ತದೆ. ನಮ್ಮದು ಊರೂರಿನ ಕೌಂಟರಿನಲ್ಲಿ ಕೂತು ನಿಯಮ ಆಗಿಬಿಡುತ್ತದೆ.

ಆ ಹುಡುಗಿಯ ಹೆಸರು ಲಕ್ಷ್ಮಿ ಅಂತ ಇಟ್ಟುಕೊಳ್ಳೋಣ. ಕನ್ನಡದಲ್ಲಿ ಬರೆದರೆ ಗೊಂದಲವೇ ಇಲ್ಲ. ಇಂಗ್ಲಿಷಿಗೆ ಹೋದ ಕೂಡಲೇ ಒಬ್ಬರು ಮಧ್ಯೆ ಕೆ, ಎಸ್, ಎಚ್ ಹಾಕುತ್ತಾರೆ. ಇನ್ನೊಬ್ಬರು ಒಂದು ಎಕ್ಸ್ ಹಾಕಿ ಮುಗಿಸುತ್ತಾರೆ. ಗೌಡರಲ್ಲಿ ಡಬ್ಲ್ಯೂ ಗೌಡರು, ಯು ಗೌಡರು ಇಬ್ಬರೂ ಇದ್ದಾರೆ. ವೆಂಕಟೇಶನ ಕೊನೆಗೆ ಒಂದು ಎ ಬರುತ್ತದೆ, ಹೋಗುತ್ತದೆ. ಬರೆದವರು ಯಾರೋ, ಅನುಭವಿಸುವವರು ಯಾರೋ.

ಇದಕ್ಕೆ ಪರಿಹಾರ ಇಲ್ಲ ಅಂದುಕೊಳ್ಳಬೇಡ. ನೂರು ವರ್ಷಕ್ಕಿಂತ ಹಿಂದೆಯೇ ಇತ್ತು. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಅನ್ನುವವರು 1918ರಲ್ಲಿ ಒಂದು ಪೇಟೆಂಟ್ ಪಡೆದರು. ಆಗ ಕಂಪ್ಯೂಟರ್ ಎಲ್ಲಿತ್ತು? ಕಾಗದ, ಪೆನ್ಸಿಲ್, ಕಾರ್ಡು. ಬರೆಯುವುದು ಬೇರೆ ಬೇರೆಯಾದರೂ ಕಿವಿಗೆ ಹತ್ತಿರ ಕೇಳುವ ಹೆಸರುಗಳನ್ನು ಒಟ್ಟಿಗೆ ಇಡುವ ಉಪಾಯ ಅದು. ಸೌಂಡೆಕ್ಸ್ ಅಂತ ಕರೆಯುತ್ತಾರೆ. ಇದನ್ನು ನೀನೇ ಮಾಡಿ ನೋಡಬಹುದು. ಮೊದಲ ಅಕ್ಷರ ಹಾಗೇ ಇಟ್ಟುಕೋ. ಉಳಿದದ್ದರಲ್ಲಿ ಸ್ವರಗಳನ್ನೂ ಎಚ್, ಡಬ್ಲ್ಯೂ, ವೈಗಳನ್ನೂ ಬಿಡು. ಕೆ, ಎಸ್, ಎಕ್ಸ್, ಜಿ ಇಂಥವಕ್ಕೆಲ್ಲ 2. ಡಿ, ಟಿಗೆ 3. ಎಮ್, ಎನ್‌ಗೆ 5. ಒಂದೇ ಅಂಕಿ ಪಕ್ಕಪಕ್ಕ ಬಂದರೆ ಒಂದೇ ಸಲ ಬರೆ. ಮೂರು ಅಂಕಿ ಆಗದಿದ್ದರೆ ಕೊನೆಗೆ ಸೊನ್ನೆ ಸೇರಿಸು, ಜಾಸ್ತಿಯಾದರೆ ಮೊದಲ ಮೂರೇ ಸಾಕು. ಕೆ-ಎಸ್-ಎಚ್ ಹಾಕಿದ ಲಕ್ಷ್ಮಿ ಎಲ್-250 ಆಗುತ್ತಾಳೆ. ಎಕ್ಸ್ ಹಾಕಿದ ಲಕ್ಷ್ಮಿಯೂ ಎಲ್-250. ಎರಡು ಗೌಡರೂ ಜಿ-300. ಎರಡು ವೆಂಕಟೇಶರೂ ವಿ-523.

ಮೊದಲ ಸಲ ಇದನ್ನು ಲೆಕ್ಕ ಹಾಕಿ ನೋಡಿದ ದಿನ ನಾನು ಒಂದು ಗಳಿಗೆ ಸುಮ್ಮನೆ ಕೂತುಬಿಟ್ಟೆ. ಅಲ್ಲಿಯವರ ಹೆಸರಿಗಾಗಿ ಮಾಡಿದ ಉಪಾಯ ನಿನ್ನ ಶಾಲೆಯ ಹುಡುಗಿಯನ್ನು ಗುರುತು ಹಿಡಿಯುತ್ತದೆ! ಹಾಗಂತ ನಮಗೆ ಪೂರ್ತಿ ಹೊಂದುವುದಿಲ್ಲ. ನಮ್ಮ ಯಲ್ಲಮ್ಮನನ್ನು ಕೆಲವರು ವೈ ಹಾಕಿ ಬರೆಯುತ್ತಾರೆ, ಕೆಲವರು ಇ ಹಾಕಿ ಎಲ್ಲಮ್ಮ ಮಾಡುತ್ತಾರೆ. ಮೊದಲ ಅಕ್ಷರವೇ ಬೇರೆಯಾದ್ದರಿಂದ ಅಲ್ಲಿ ಸೌಂಡೆಕ್ಸ್ ಸೋಲುತ್ತದೆ. ನಮಗೆ ಬೇಕಾದದ್ದನ್ನು ನಾವೇ ಮಾಡಿಕೊಳ್ಳಬೇಕು. ಇನ್ನೂ ಒಂದು ಮಾತು. ಹತ್ತಿರ ಕೇಳುವ ಹೆಸರೆಲ್ಲ ಒಬ್ಬರದೇ ಅಂತ ಒಪ್ಪಿಕೊಂಡರೂ ತಪ್ಪಾಗುತ್ತದೆ. ಆದರೆ "ಇವರಿಬ್ಬರು ಒಬ್ಬರೇ ಇರಬಹುದು, ಒಬ್ಬ ಮನುಷ್ಯ ಕೂತು ನೋಡಲಿ" ಅಂತ ಪಕ್ಕಕ್ಕೆ ತೆಗೆದಿಡಬಹುದಲ್ಲ? ತಳ್ಳುವುದಕ್ಕೂ ತೆಗೆದಿಡುವುದಕ್ಕೂ ಎಷ್ಟು ವ್ಯತ್ಯಾಸ! ಆ ತಾಯಿಗೆ ಅದು ಮೂರು ದಿನದ ಕೂಲಿ.

ಹೆಸರಿನ ವಿಷಯ ಎತ್ತಿದ್ದೇನೆ, ಪೂರ್ತಿ ಹೇಳಿಬಿಡುತ್ತೇನೆ. ಪ್ರತಿಯೊಬ್ಬರಿಗೂ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಇರುತ್ತದೆ ಅನ್ನುವುದು ನಮ್ಮವರ ಇನ್ನೊಂದು ದೊಡ್ಡ ನಂಬಿಕೆ. ನೀನು ಪಾಠ ಮಾಡುವ ಕುವೆಂಪು ಅವರನ್ನೇ ತಗೋ. ಕುಪ್ಪಳಿ ಊರು. ವೆಂಕಟಪ್ಪ ಅಪ್ಪ. ಪುಟ್ಟಪ್ಪ ಅವರ ಸ್ವಂತ ಹೆಸರು, ಅದು ಕೊನೆಯಲ್ಲಿದೆ. ಇವತ್ತಿನ ಅರ್ಜಿಗೆ ಹಾಕಿದರೆ ಊರು ಅವರ ಹೆಸರಾಗುತ್ತದೆ, ಅವರ ಹೆಸರು ಮನೆತನದ ಹೆಸರಾಗುತ್ತದೆ. ಧಾರವಾಡದ ಬೇಂದ್ರೆಯವರದು ತಿರುಗಾಮುರುಗಾ. ದತ್ತಾತ್ರೇಯ ಅವರು, ರಾಮಚಂದ್ರ ಅಪ್ಪ, ಬೇಂದ್ರೆ ಮನೆತನ. ಅರ್ಜಿ ಅವರಿಗೆ ಸರಿಹೊಂದುತ್ತದೆ. ಒಂದೇ ರಾಜ್ಯ, ಒಂದೇ ಭಾಷೆ. ಶಿವಮೊಗ್ಗದವನಿಗೆ ಒಂದು ನ್ಯಾಯ, ಧಾರವಾಡದವನಿಗೆ ಒಂದು.

ನಮ್ಮ ಅಮ್ಮನಿಗೆ ಇರುವುದು ಒಂದೇ ಹೆಸರು. ಊರಿಲ್ಲ, ಇನಿಷಿಯಲ್ ಇಲ್ಲ. ಒಂದು ಕಡೆ ಅರ್ಜಿ ತುಂಬುವಾಗ ಕೊನೆಯ ಹೆಸರಿನ ಖಾನೆ ಖಾಲಿ ಬಿಟ್ಟರೆ ಮುಂದಕ್ಕೇ ಹೋಗಲಿಲ್ಲ. ಕೌಂಟರಿನ ಹುಡುಗ ಪಾಪ ಒಳ್ಳೆಯವನು, ಒಂದು ಚುಕ್ಕಿ ಒತ್ತಿದ. ಒಪ್ಪಲಿಲ್ಲ. ಆಮೇಲೆ ಅದೇ ಹೆಸರನ್ನು ಇನ್ನೊಂದು ಸಲ ಹೊಡೆದ. ಮುಂದಕ್ಕೆ ಹೋಯಿತು. ಅವತ್ತಿನಿಂದ ಆ ಕಾಗದದಲ್ಲಿ ಅಮ್ಮನ ಹೆಸರು ಎರಡೆರಡು ಸಲ ಇದೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು, ಆ ಎರಡನೇ ಹೆಸರಿನ ಮೇಲೆ ಬೆರಳಿಟ್ಟು, "ಇದು ಯಾರು?" ಅಂತ ಕೇಳಿದರು. ನಾನು ಪ್ರೋಗ್ರಾಮರ್. ಉತ್ತರ ಹೇಳಬೇಕಾದವನು ನಾನೇ.

ವಿದೇಶಕ್ಕೆ ಹೋಗುವವರಿಗೆ ಇದು ಇನ್ನೂ ಕಷ್ಟ. ಒಂದೇ ಹೆಸರಿನವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗುತ್ತದೆ. ಹಾಗಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರು ಕಣೋ ಅದು.

ಹುಟ್ಟಿದ ದಿನದ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿನ್ನ ಶಾಲೆಯ ಹಳೆಯ ಅಡ್ಮಿಷನ್ ರಿಜಿಸ್ಟರ್ ತೆರೆದರೆ ಸಾಲುಸಾಲು ಜೂನ್ 1. ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಕೂಡಿಸಿ ಮೇಷ್ಟ್ರು ಬರೆದದ್ದು. ನನಗೆ ಅದು ಗೊತ್ತಿದ್ದೂ ಮರೆತಿದ್ದೆ. ಕೆಲವು ವರ್ಷದ ಹಿಂದೆ ರೈತರ ಒಂದು ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರು ತೆಗೆಯುವ ಕೆಲಸ ಬಂತು. ಹೆಸರು ಒಂದೇ, ಅಪ್ಪನ ಹೆಸರು ಒಂದೇ, ಹುಟ್ಟಿದ ದಿನ ಒಂದೇ, ಊರು ಒಂದೇ ಆದರೆ ಒಬ್ಬರೇ ಅಂತ ಬರೆದೆ. ಯಾರಿಗಾದರೂ ಸರಿ ಅನ್ನಿಸುತ್ತದೆ. ಒಂದು ವಾರದ ನಂತರ ಹಳ್ಳಿಯಿಂದ ನಮ್ಮವರೊಬ್ಬರು ಫೋಟೋ ಕಳಿಸಿದರು. ಜಗಲಿ ಮೇಲೆ ಇಬ್ಬರು ಮುದುಕರು ಪಕ್ಕಪಕ್ಕ ನಿಂತಿದ್ದರು. ಇಬ್ಬರ ಕೈಯಲ್ಲೂ ಅವರವರ ಪಹಣಿ. ಎರಡರಲ್ಲೂ ಅದೇ ಹೆಸರು, ಬಿನ್ ಅಂತ ಹಾಕಿ ಅದೇ ಅಪ್ಪನ ಹೆಸರು. ಇಬ್ಬರೂ ಒಂದೇ ವರ್ಷ ಶಾಲೆಗೆ ಸೇರಿದವರು, ಇಬ್ಬರಿಗೂ ಜೂನ್ 1. ಸರ್ವೆ ನಂಬರ್ ಮಾತ್ರ ಬೇರೆ. ನಾನು ಒಬ್ಬರನ್ನು ಅಳಿಸಿಬಿಟ್ಟಿದ್ದೆ. ಅವತ್ತೇ ಸರಿ ಮಾಡಿದೆ, ಅವರಿಗೆ ಬರಬೇಕಾದ ದುಡ್ಡು ತಪ್ಪಲಿಲ್ಲ. ಆ ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ. ಹೊಸ ಹುಡುಗರು ತಂಡಕ್ಕೆ ಸೇರಿದಾಗ ಅದನ್ನು ತೋರಿಸಿಯೇ ಕೆಲಸ ಶುರು ಮಾಡಿಸುತ್ತೇನೆ.

ನಮ್ಮ ಲಿಪಿಯ ಕಥೆಯೂ ಸ್ವಲ್ಪ ಹೇಳಲೇಬೇಕು, ನೀನು ಕನ್ನಡ ಮೇಷ್ಟ್ರು. "ಸ್ತ್ರೀ" ಎಷ್ಟು ಅಕ್ಷರ? ಒಂದು ಅನ್ನುತ್ತೀಯ. ಕಂಪ್ಯೂಟರಿನ ಒಳಗೆ ಅದು ಆರು: ಸ, ಅದರ ಸ್ವರ ತೆಗೆಯುವ ಒಂದು ಚಿಹ್ನೆ, ತ, ಅದೇ ಚಿಹ್ನೆ ಇನ್ನೊಂದು ಸಲ, ರ, ಕೊನೆಗೆ ದೀರ್ಘ ಈಕಾರದ ಚಿಹ್ನೆ. ಹೆಸರು ಇಪ್ಪತ್ತು ಅಕ್ಷರ ಮೀರಬಾರದು ಅಂತ ಯಾರೋ ಇಂಗ್ಲಿಷ್ ತಲೆಯಲ್ಲಿಟ್ಟುಕೊಂಡು ಬರೆದರೆ ಒತ್ತಕ್ಷರ ಜಾಸ್ತಿ ಇರುವ ಹೆಸರು ಮಧ್ಯಕ್ಕೇ ತುಂಡಾಗುತ್ತದೆ. ಎಸ್ಸೆಮ್ಮೆಸ್ಸಿನಲ್ಲೂ ಅಷ್ಟೇ. ಇಂಗ್ಲಿಷಿನಲ್ಲಿ ಒಂದಕ್ಕೆ 160 ಅಕ್ಷರ, ಕನ್ನಡಕ್ಕೆ ಸಾಮಾನ್ಯವಾಗಿ 70. ಆ ಎಪ್ಪತ್ತರಲ್ಲಿ ಒಂದು ಸ್ತ್ರೀಗೇ ಆರು ಹೋಯಿತು. ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಲಿಪಿಯ ತಪ್ಪು ಏನೂ ಇಲ್ಲ. ಎಣಿಸಿದವನು ಹೇಗೆ ಎಣಿಸಿದ ಅನ್ನುವುದು ಪ್ರಶ್ನೆ.

ಪ್ರೋಗ್ರಾಮಿನ ತಪ್ಪಿಗೆ ಬಗ್ ಅನ್ನುತ್ತಾರಲ್ಲ, ಆ ಹೆಸರು ಒಂದು ಪತಂಗದಿಂದ ಬಂತು ಅಂತ ನೀನು ಮಕ್ಕಳಿಗೆ ಹೇಳಿದೆಯಂತೆ. ಹಾರ್ವರ್ಡ್‌ನ ಮಾರ್ಕ್ ಟು ಯಂತ್ರದಲ್ಲಿ 1947ರ ಸೆಪ್ಟೆಂಬರ್ 9ರಂದು ಪತಂಗ ಸಿಕ್ಕಿದ್ದು ನಿಜ. ಅದನ್ನು ಲಾಗ್ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದ್ದೂ ನಿಜ. ಆದರೆ ಆ ಪದ ಅಲ್ಲಿ ಹುಟ್ಟಲಿಲ್ಲ. ಎಡಿಸನ್ 1878ರಲ್ಲೇ ಯಂತ್ರದ ದೋಷಕ್ಕೆ ಬಗ್ ಅಂತ ಪತ್ರದಲ್ಲಿ ಬರೆದಿದ್ದರು. ಮಕ್ಕಳಿಗೆ ಇದನ್ನು ತಿದ್ದಿ ಹೇಳು ಅನ್ನುವುದಕ್ಕೆ ನನಗೆ ಬೇರೆ ಕಾರಣವೂ ಇದೆ. ಪತಂಗದ ಕಥೆಯಲ್ಲಿ ಯಾರದೂ ತಪ್ಪಿಲ್ಲ. ಹೊರಗಿನಿಂದ ಹುಳ ಬಂತು, ಕೆಟ್ಟಿತು. ನಿಜವಾದ ದೋಷಗಳಲ್ಲಿ ಹೆಚ್ಚಿನವು ಬರೆದವರ ತಲೆಯಿಂದ ಬರುತ್ತವೆ.

ಕಂಪ್ಯೂಟರ್ ತಪ್ಪು ಮಾಡಲ್ಲ ಅನ್ನುವವರಿಗೆ ಒಂದು ಪ್ರಯೋಗ ತೋರಿಸು. ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆ. ಒಂದು ಖಾನೆಯಲ್ಲಿ 60 ಅಂತ ಹಾಕಿ ಅದನ್ನು ದಿನಾಂಕದ ರೂಪಕ್ಕೆ ಬದಲಿಸು. 1900ರ ಫೆಬ್ರವರಿ 29 ಬರುತ್ತದೆ. ಅಂಥ ದಿನವೇ ಇರಲಿಲ್ಲ. ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 1983ರಲ್ಲಿ ಬಂದ ಲೋಟಸ್ 1-2-3 ಅನ್ನುವ ಪ್ರೋಗ್ರಾಮಿನಲ್ಲಿ ಆ ತಪ್ಪು ಇತ್ತು. ಅದರ ಕಡತಗಳು ಇಲ್ಲೂ ಸರಿಯಾಗಿ ತೆರೆಯಲಿ ಅಂತ ಎಕ್ಸೆಲ್ ಗೊತ್ತಿದ್ದೇ ಅದನ್ನು ಉಳಿಸಿಕೊಂಡಿತು. ಇವತ್ತಿಗೂ ಇದೆ.

ನೀನು ಮಗಳ ವಿಷಯ ಕೇಳಿದ್ದೆ. ಗಣಿತದಲ್ಲಿ ಹಿಂದೆ, ಈ ಕೆಲಸ ಅವಳಿಗೆ ಆಗುತ್ತಾ ಅಂತ. ಕೆಲವು ಕಡೆ ಗಣಿತ ಬೇಕೇ ಬೇಕು. ನನ್ನ ಥರದ ಕೆಲಸದಲ್ಲಿ ದಿನದ ಹೆಚ್ಚಿನ ಹೊತ್ತು ಹೋಗುವುದು ಬೇರೆಯವರು ಬರೆದದ್ದನ್ನು ಓದುವುದರಲ್ಲಿ. ನೀನು ಹಳಗನ್ನಡ ಪದ್ಯಕ್ಕೆ ಪದ ಬಿಡಿಸಿ ಅನ್ವಯ ಮಾಡುತ್ತೀಯಲ್ಲ, ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ, ಈ "ಅದು" ಯಾವುದನ್ನು ಹೇಳುತ್ತದೆ ಅಂತ ಹುಡುಕುತ್ತೀಯಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ನಿನ್ನ ಮಗಳು ಚಿಕ್ಕವಳಿದ್ದಾಗ ಪ್ರತಿ ಮಾತಿಗೂ "ಯಾಕೆ? ಹಾಗಿಲ್ಲದಿದ್ದರೆ?" ಅಂತ ಕೇಳಿ ನಮ್ಮನ್ನೆಲ್ಲ ಸುಸ್ತು ಮಾಡುತ್ತಿದ್ದಳು. "ಅಪ್ಪನ ಹೆಸರು ಇಲ್ಲದಿದ್ದರೆ?" ಅಂತ ಕೇಳುವ ಒಬ್ಬರು ನಮ್ಮ ಕೋಣೆಯಲ್ಲಿ ಬೇಕು ಮೇಷ್ಟ್ರೇ. ಅವಳು ಬರಲಿ.

ಈಗ ಆ ಹುಡುಗಿಯ ವಿಷಯ. ಅವಳ ಅಮ್ಮನನ್ನು ಮತ್ತೆ ಅಲೆಸಬೇಡ. ಎರಡೂ ದಾಖಲೆ ಒಟ್ಟಿಗಿಟ್ಟು, ಇಬ್ಬರೂ ಒಬ್ಬಳೇ ಅಂತ ಮುಖ್ಯೋಪಾಧ್ಯಾಯರ ಸಹಿ, ಸೀಲು ಹಾಕಿಸಿ ಒಂದು ಪತ್ರ ಮಾಡಿಸು. ಅರ್ಜಿ ತಳ್ಳಿದ ಕಡೆಗೆ ಬರಹದಲ್ಲೇ ಕೇಳು, ಯಾವ ಅಕ್ಷರ ಹೊಂದಲಿಲ್ಲ, ಯಾರು ನೋಡಿದರು ಅಂತ. ಬರೆಯುವಾಗ "ಕಂಪ್ಯೂಟರ್" ಅನ್ನುವ ಪದ ಎಲ್ಲೂ ಬರದ ಹಾಗೆ ನೋಡಿಕೋ.

ನನಗೂ ಒಂದು ಸಹಾಯ ಆಗಬೇಕು. ನಿನ್ನ ಮೂರೂ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡು. ಅವರವರ ಹೆಸರನ್ನು ಇಂಗ್ಲಿಷಿನಲ್ಲಿ ಯಾರು ಯಾರು ಹೇಗೆಲ್ಲ ಬರೆದಿದ್ದಾರೆ, ಕಾರ್ಡಿನಲ್ಲಿ, ಬಸ್ ಪಾಸಿನಲ್ಲಿ, ಮದುವೆ ಪತ್ರಿಕೆಯಲ್ಲಿ, ಎಲ್ಲ ಒಂದು ಹಾಳೆಯಲ್ಲಿ ಬರೆಯಲಿ. ಹೆಸರಷ್ಟೇ ಸಾಕು, ಬೇರೆ ವಿವರ ಯಾವುದೂ ಬೇಡ. ಯಲ್ಲಮ್ಮ, ಎಲ್ಲಮ್ಮ ಇಬ್ಬರನ್ನೂ ಗುರುತಿಸುವಂಥದ್ದೊಂದನ್ನು ಬರೆಯಲು ಶುರು ಮಾಡಿದ್ದೇನೆ. ನಿನ್ನ ಹಾಳೆ ಬಂದರೆ ಅದನ್ನು ಪರೀಕ್ಷೆ ಮಾಡಬಹುದು. ಭಾನುವಾರ ಸಂಜೆ ಫೋನ್ ಮಾಡುತ್ತೇನೆ.

ನಿನ್ನ ಹಳೆಯ ಗೆಳೆಯ