ತ್ರೀಡಿ ಆಮೇಲೆ, ಮೊದಲು ಸೆಕ್ಷನ್ ಕಲಿಸಿ

ಸಂಪಾದಕರೇ,

ನಾನು ಮೈಸೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ 17 ವರ್ಷಗಳಿಂದ ಕಟ್ಟಡದ ಡ್ರಾಯಿಂಗ್ ಹೇಳಿಕೊಡುತ್ತಿದ್ದೇನೆ. ಈಗ ಬರುವ ಮಕ್ಕಳು ಮೊದಲ ವಾರವೇ ಕೇಳುತ್ತಾರೆ, 'ತ್ರೀಡಿ ಯಾವಾಗ ಸರ್?' ಅಂತ. ತಪ್ಪು ಅವರದ್ದಲ್ಲ. ಮೌಸ್ ಹಿಡಿದು ಎಳೆದರೆ ಮನೆ ಗಿರ್ರನೆ ತಿರುಗುತ್ತದೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ತಿರುಗಿಸುವ ಕೆಲಸವನ್ನೆಲ್ಲ ಸಾಫ್ಟ್‌ವೇರೇ ಮಾಡಿಕೊಟ್ಟರೆ, ಮನೆಯನ್ನು ತಲೆಯೊಳಗೆ ತಿರುಗಿಸಿ ನೋಡುವ ಅಭ್ಯಾಸ ಮಕ್ಕಳಿಗೆ ಬರುವುದು ಯಾವಾಗ?

ನಮ್ಮ ಅಣ್ಣನ ಮನೆಯದೇ ಕಥೆ ಹೇಳುತ್ತೇನೆ. 30×40 ಸೈಟು. ಕಟ್ಟಿಕೊಟ್ಟವರು ಬಣ್ಣದ ತ್ರೀಡಿ ಚಿತ್ರ ತೋರಿಸಿದರು, ಮನೆಮಂದಿಗೆಲ್ಲ ಖುಷಿ. ಪ್ಲಾನ್ ಕೂಡ ಇತ್ತು. ಮೆಟ್ಟಿಲ ಲ್ಯಾಂಡಿಂಗ್ (ಮೆಟ್ಟಿಲು ತಿರುಗುವ ಕಡೆಯ ಸಮತಟ್ಟು ಜಾಗ) ಕೆಳಗೆ ಬಚ್ಚಲು, ಪ್ಲಾನಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಮೆಟ್ಟಿಲನ್ನು ಸೀಳಿಕೊಂಡು ಹೋಗುವ ಒಂದು ಸೆಕ್ಷನ್, ಅಂದರೆ ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಒಳಗೆ ಕಾಣುವ ಚಿತ್ರ, ಮಾತ್ರ ಯಾರೂ ಬರೆಯಲಿಲ್ಲ. ಲ್ಯಾಂಡಿಂಗ್ ತನಕ 10 ಮೆಟ್ಟಿಲು, ಒಂದೊಂದು 7 ಇಂಚು, ಒಟ್ಟು 70 ಇಂಚು. ಅದರಲ್ಲಿ ಸ್ಲ್ಯಾಬಿನ ದಪ್ಪ 6 ಇಂಚು ಕಳೆದರೆ ಉಳಿಯುವುದು 64. ಅಂದರೆ 5 ಅಡಿ 4 ಇಂಚು! ಅಣ್ಣ ಇವತ್ತಿಗೂ ತಲೆ ತಗ್ಗಿಸಿಯೇ ಬಚ್ಚಲಿಗೆ ಹೋಗುತ್ತಾನೆ. ಸೆಕ್ಷನ್ ಬರೆದಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಪ್ಲಾನ್ ಕೂಡ ಒಂದು ಕೊಯ್ತವೇ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಮನೆಯನ್ನು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು, ಮೇಲಿನ ಭಾಗವನ್ನು ಎತ್ತಿ ಪಕ್ಕಕ್ಕಿಟ್ಟು ಬಗ್ಗಿ ನೋಡಿದರೆ ಕಾಣುತ್ತದಲ್ಲ, ಅದೇ ಪ್ಲಾನ್. ಕಿಟಕಿ ಆ ಕೊಯ್ತಕ್ಕೆ ಸಿಗುತ್ತದೆ, ಮೇಲಿನ ವೆಂಟಿಲೇಟರ್ ಸಿಗುವುದಿಲ್ಲ, ಅದಕ್ಕೇ ಅದನ್ನು ಚುಕ್ಕೆ ಗೆರೆಯಲ್ಲಿ ತೋರಿಸುವುದು. ನಾನು ಕ್ಲಾಸಿಗೆ ಎರಡು ದೊಣ್ಣೆ ಮೆಣಸಿನಕಾಯಿ ತೆಗೆದುಕೊಂಡು ಹೋಗುತ್ತೇನೆ. ಒಂದನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಕೋಣೆ ಕೋಣೆ, ಅದು ಪ್ಲಾನ್. ಇನ್ನೊಂದನ್ನು ಉದ್ದಕ್ಕೆ ಸೀಳಿದರೆ ಬೀಜದ ಗೊಂಚಲು ಮೇಲಿಂದ ಎಷ್ಟು ಕೆಳಗೆ ಇಳಿದಿದೆ, ಅದರಡಿ ಎಷ್ಟು ಖಾಲಿ ಜಾಗ ಇದೆ ಅಂತ ಕಾಣುತ್ತದೆ, ಅದು ಸೆಕ್ಷನ್. ಚಾಕು ತಾಗಿದ್ದಕ್ಕೆಲ್ಲ ದಪ್ಪ ಗೆರೆ, ಹಿಂದೆ ಕಾಣುವುದಕ್ಕೆ ತೆಳು ಗೆರೆ.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ನಮಗೆ ಸೋಮನಾಥಪುರ ಹತ್ತಿರ. 1258ರ ಕೇಶವ ದೇವಾಲಯ, ಮೂರು ಗರ್ಭಗುಡಿ, ಹೊರಗೋಡೆ ನಕ್ಷತ್ರದ ಹಾಗೆ, ಒಳಗೆ ಮಾತ್ರ ಗರ್ಭಗುಡಿ ಚೌಕ. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ, 22.5 ಡಿಗ್ರಿ ತಿರುಗಿಸುತ್ತಾ ನಾಲ್ಕು ಸಲ ಸುತ್ತ ಗೆರೆ ಎಳೆದರೆ 16 ಮೂಲೆಯ ನಕ್ಷತ್ರ ಬರುತ್ತದೆ. ಆಮೇಲೆ ಒಂದೊಂದು ಮೂಲೆಯಿಂದಲೂ ನೇರ ಗೆರೆ ಮೇಲಕ್ಕೆ ಎಳೆದು ಎಲಿವೇಶನ್, ಅಂದರೆ ಹೊರಗೋಡೆಯನ್ನು ಎದುರಿಂದ ನೋಡಿದ ಚಿತ್ರ, ಬರೆಯಲು ಹೇಳುತ್ತೇನೆ. ಪ್ಲಾನಿನಲ್ಲಿ ಎಲ್ಲ ಮೂಲೆಗಳ ನಡುವೆ ಒಂದೇ ಅಂತರ, ಎಲಿವೇಶನ್‌ನಲ್ಲಿ ಮಾತ್ರ ನಡುವೆ ಅಗಲ, ಅಂಚಿಗೆ ಹೋದ ಹಾಗೆ ಗೆರೆಗಳು ಒತ್ತೊತ್ತಾಗುತ್ತವೆ. ಕಳೆದ ವರ್ಷ ಒಬ್ಬ ಹುಡುಗಿ ಆ ಒತ್ತೊತ್ತು ಗೆರೆಗಳ ತನಕ ಬರೆದು ಸ್ಕೇಲ್ ಕೆಳಗಿಟ್ಟಳು. 'ಸರ್, ಗೋಡೆ ಹಿಂದಕ್ಕೆ ತಿರುಗ್ತಾ ಇದೆ ಅಲ್ವಾ?' ಅಂದಳು. ಚಪ್ಪಟೆ ಹಾಳೆಯಲ್ಲಿ ಅವಳಿಗೆ ಆಳ ಕಂಡಿತ್ತು. ನನಗೆ ಅವತ್ತು ಪಾಠ ಮಾಡಿದ್ದು ಸಾರ್ಥಕ ಅನ್ನಿಸಿತು.

ಕಂಪ್ಯೂಟರ್ ಬೇಡ ಅನ್ನುತ್ತಿಲ್ಲ, ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಪಠ್ಯ ಮಾಡುವವರು ದಯವಿಟ್ಟು ಮೊದಲ ಸೆಮಿಸ್ಟರ್ ಪೂರ್ತಿ ಕೈ ಡ್ರಾಯಿಂಗಿಗೆ ಬಿಡಿ. ಮಕ್ಕಳು ತಮ್ಮ ಮನೆಯನ್ನೇ ಟೇಪು ಹಿಡಿದು ಅಳೆದು, 1:50 ಅಳತೆಯಲ್ಲಿ (ನಿಜ ಅಳತೆಯ ಐವತ್ತರಲ್ಲಿ ಒಂದು ಪಾಲು) ಒಂದು ಪ್ಲಾನ್, ಎರಡು ಸೆಕ್ಷನ್ ಬರೆದು ತರಲಿ. ಗೋಡೆ ದಪ್ಪ ಎಷ್ಟು, ಕಿಟಕಿ ನೆಲದಿಂದ ಎಷ್ಟು ಮೇಲೆ ಅಂತ ಕೈಯಾರೆ ಅಳೆದವರು ಜಾಸ್ತಿ ದಿನ ಮರೆಯುವುದಿಲ್ಲ. ಒಂದು ಟೇಪು, ಎರಡು ಪೆನ್ಸಿಲ್ ಬಿಟ್ಟರೆ ಬೇರೆ ಖರ್ಚೂ ಇಲ್ಲ. ಹಾಗೇ ಮನೆ ಕಟ್ಟಿಸುತ್ತಿರುವ ಓದುಗರಲ್ಲೂ ಒಂದು ವಿನಂತಿ: ಬಣ್ಣದ ಚಿತ್ರ ಒಪ್ಪಿಕೊಳ್ಳುವ ಮೊದಲು, ಮೆಟ್ಟಿಲ ಮೇಲೆ ಹಾದು ಹೋಗುವ ಸೆಕ್ಷನ್ ಒಂದನ್ನು ಕೇಳಿ ಪಡೆಯಿರಿ.

– ಒಬ್ಬ ಡ್ರಾಯಿಂಗ್ ಮೇಷ್ಟ್ರು, ಮೈಸೂರು